ಬೇಹುಗಾರಿಕೆ ತಂತ್ರಾಂಶ: ದೇಶಗಳೆಲ್ಲ ಒಟ್ಟಾದರೆ ತಡೆಯಬಹುದೇ?

"ಗೊತ್ತಿಲ್ಲದ ಲಿಂಕ್ ಒತ್ತದಿದ್ದರೆ ಸಾಕು, ಫೋನ್ ಸುರಕ್ಷಿತ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಮಾಮೂಲಿ ಆನ್‌ಲೈನ್ ವಂಚನೆಗಳ ಮಟ್ಟಿಗೆ ಇದು ಸರಿ. ಪೆಗಾಸಸ್‌ನಂಥ ತಂತ್ರಾಂಶದ ಎದುರು ಮಾತ್ರ ಸಾಲದು. ಇಸ್ರೇಲಿನ ಎನ್‌ಎಸ್‌ಒ ಕಂಪನಿ ತಯಾರಿಸಿದ ಪೆಗಾಸಸ್, 2019ರಲ್ಲಿ ವಾಟ್ಸಾಪ್ ಕರೆ ವ್ಯವಸ್ಥೆಯ ಒಂದು ದೋಷದ ಮೂಲಕ ಸುಮಾರು 1,400 ಫೋನುಗಳನ್ನು ಗುರಿಮಾಡಿತ್ತು. ಬಂದ ಕರೆಯನ್ನು ಎತ್ತುವ ಅಗತ್ಯವೂ ಇರಲಿಲ್ಲ. ಸಂದೇಶಗಳು ಗೂಢಲಿಪಿಯಲ್ಲಿ ಹೋಗುತ್ತವಲ್ಲ ಎಂದು ನೀವು ಕೇಳಬಹುದು. ಗೂಢಲಿಪಿ ಕಾಯುವುದು ದಾರಿಯನ್ನು. ಈ ತಂತ್ರಾಂಶ ಬಂದು ಕೂರುವುದು ಮನೆಯೊಳಗೇ. ನೀವು ಓದುವ ಸಂದೇಶವನ್ನು ಅದೂ ಓದುತ್ತದೆ, ಬೇಕೆಂದಾಗ ಮೈಕ್ ಆನ್ ಮಾಡಿಕೊಳ್ಳುತ್ತದೆ.

ಸರ್ಕಾರಗಳಿಗಷ್ಟೇ ಮಾರುತ್ತೇವೆ, ಅದೂ ಭಯೋತ್ಪಾದಕರು ಮತ್ತು ದೊಡ್ಡ ಅಪರಾಧಿಗಳ ಪತ್ತೆಗೆ ಎಂಬುದು ಕಂಪನಿಯ ವಾದ. ಆದರೆ 2021ರ ಜುಲೈನಲ್ಲಿ 17 ಮಾಧ್ಯಮ ಸಂಸ್ಥೆಗಳು ಸೇರಿ ತನಿಖೆ ಮಾಡಿದ 50,000ಕ್ಕೂ ಹೆಚ್ಚು ಸಂಖ್ಯೆಗಳ ಪಟ್ಟಿಯಲ್ಲಿ ಪತ್ರಕರ್ತರು, ವಕೀಲರು, ವಿರೋಧ ಪಕ್ಷಗಳ ನಾಯಕರು ಇದ್ದರು. 2019ರಲ್ಲಿ ಕರ್ನಾಟಕದ ಮೈತ್ರಿ ಸರ್ಕಾರ ಅಲುಗಾಡುತ್ತಿದ್ದ ಹೊತ್ತಿನಲ್ಲಿ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ಸಂಖ್ಯೆ, ಎಚ್.ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೂ ಪಟ್ಟಿಗೆ ಸೇರಿದ್ದವು ಎಂದು 'ದಿ ವೈರ್' ವರದಿ ಮಾಡಿತ್ತು. ಪಟ್ಟಿಯಲ್ಲಿ ಸಂಖ್ಯೆ ಇದ್ದ ಮಾತ್ರಕ್ಕೆ ಆ ಫೋನಿಗೆ ಕನ್ನ ಬಿದ್ದಿದೆ ಎಂದರ್ಥವಲ್ಲ, ಇದನ್ನು ನೆನಪಿಡಬೇಕು.

ಒಂದು ದೇಶದಲ್ಲಿ ತಯಾರಾಗಿ, ಇನ್ನೊಂದು ದೇಶದ ಸರ್ಕಾರ ಕೊಂಡು, ಮೂರನೆಯ ದೇಶದಲ್ಲಿರುವವರ ಫೋನಿಗೆ ಹಾಕಬಹುದಾದ ಸರಕಿದು. ಹಾಗಾಗಿ ಒಂದೇ ದೇಶದ ಕಾನೂನು ಸಾಕಾಗುವುದಿಲ್ಲ. ಸೂಕ್ಷ್ಮ ಸರಕುಗಳ ರಫ್ತಿಗೆ ಸಂಬಂಧಿಸಿದ ವಾಸೆನಾರ್ ವ್ಯವಸ್ಥೆ 2013ರಲ್ಲಿ ಇಂಥ ತಂತ್ರಾಂಶಗಳನ್ನೂ ತನ್ನ ಪಟ್ಟಿಗೆ ಸೇರಿಸಿತು. ಭಾರತ 2017ರಲ್ಲಿ ಅದರ ಸದಸ್ಯನಾಯಿತು, ಇಸ್ರೇಲ್ ಸದಸ್ಯನಲ್ಲ. 2023ರ ಮಾರ್ಚ್‌ನಲ್ಲಿ ಅಮೆರಿಕ ಸೇರಿ 11 ದೇಶಗಳು ದುರ್ಬಳಕೆ ತಡೆಯುವ ಜಂಟಿ ಹೇಳಿಕೆಗೆ ಒಪ್ಪಿದವು. ಮರುವರ್ಷ ಸೋಲ್‌ನಲ್ಲಿ ಇನ್ನೂ 6 ದೇಶಗಳು ಕೂಡಿಕೊಂಡವು. 2024ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಲಂಡನ್ನಿನಲ್ಲಿ 'ಪಾಲ್ ಮಾಲ್ ಪ್ರಕ್ರಿಯೆ' ಶುರುಮಾಡಿದವು. 2025ರ ಏಪ್ರಿಲ್‌ನಲ್ಲಿ ಅದರಿಂದ ಸರ್ಕಾರಗಳಿಗಾಗಿ ಒಂದು ನೀತಿ ಸಂಹಿತೆ ಬಂತು.

ಇವುಗಳಲ್ಲಿ ಯಾವುದನ್ನು ಮುರಿದರೂ ಶಿಕ್ಷೆಯಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಸಹಿ ಹಾಕುವವರೇ ಗಿರಾಕಿಗಳೂ ಆಗಿರಬಹುದು. ಜಂಟಿ ಹೇಳಿಕೆಗೆ 2024ರಲ್ಲಿ ಸೇರಿದ ಪೋಲೆಂಡ್‌ನಲ್ಲಿ, ಹಿಂದಿನ ಸರ್ಕಾರದ ಕಾಲದಲ್ಲಿ 578 ಮಂದಿಯ ಮೇಲೆ ಪೆಗಾಸಸ್ ಬಳಕೆಯಾಗಿತ್ತು ಎಂದು ಹೊಸ ಸರ್ಕಾರವೇ ತಿಳಿಸಿತು.

ನಿಜಕ್ಕೂ ಬಿಸಿ ಮುಟ್ಟಿಸಿದ್ದು ಬೇರೆಯೇ ಕ್ರಮಗಳು ಎಂಬುದು ನಮ್ಮ ಅಭಿಪ್ರಾಯ. 2021ರ ನವೆಂಬರ್‌ನಲ್ಲಿ ಅಮೆರಿಕ ಎನ್‌ಎಸ್‌ಒವನ್ನು ವ್ಯಾಪಾರದ ಕಪ್ಪುಪಟ್ಟಿಗೆ ಸೇರಿಸಿತು. 2024ರ ಮಾರ್ಚ್‌ನಲ್ಲಿ 'ಪ್ರಿಡೇಟರ್' ತಯಾರಕ ಇಂಟೆಲೆಕ್ಸಾ ಮೇಲೆ ಆರ್ಥಿಕ ನಿರ್ಬಂಧ ಹೇರಿತು. ವಾಟ್ಸಾಪ್ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ನ್ಯಾಯಾಲಯ 2025ರ ಅಕ್ಟೋಬರ್‌ನಲ್ಲಿ, ವಾಟ್ಸಾಪ್ ಬಳಕೆದಾರರನ್ನು ಗುರಿ ಮಾಡದಂತೆ ಎನ್‌ಎಸ್‌ಒಗೆ ಶಾಶ್ವತ ತಡೆ ನೀಡಿತು. ತೀರ್ಪುಗಾರರು ವಿಧಿಸಿದ್ದ 16 ಕೋಟಿ ಡಾಲರಿಗೂ ಹೆಚ್ಚಿನ ದಂಡವನ್ನು ಮಾತ್ರ ಸುಮಾರು 40 ಲಕ್ಷಕ್ಕೆ ಇಳಿಸಿತು. ಇವೆಲ್ಲ ಒಂದೇ ದೇಶದ ಬಲದ ಮೇಲೆ ನಿಂತಿವೆ, ಅಲ್ಲಿನ ಆಡಳಿತದ ಮನಸ್ಸು ಬದಲಾದರೆ ನಿರ್ಬಂಧಗಳೂ ಸಡಿಲಾಗಬಹುದು.

ಆ 17 ದೇಶಗಳಲ್ಲಿ ಭಾರತ ಇಲ್ಲ. ಇಲ್ಲಿನ ಲೆಕ್ಕಾಚಾರ ಸುಪ್ರೀಂ ಕೋರ್ಟಿನಲ್ಲಿ ನಿಂತಿದೆ. ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ 5ರಲ್ಲಿ ಕುತಂತ್ರಾಂಶ ಕಂಡಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ಹೇಳಿದ್ದನ್ನು 2022ರ ಆಗಸ್ಟ್‌ನಲ್ಲಿ ನ್ಯಾಯಪೀಠವೇ ತಿಳಿಸಿತು.