ನಾಕೆಯ ಮುಂದೆ ನಿಂತ ಸ್ವಯಂಸೇವಕರು

ಸಿಂಧನೂರಿನಿಂದ ಸಿರುಗುಪ್ಪಕ್ಕೆ ಹೊರಟ ಬಸ್ಸು ಧಡೇಸುಗೂರಿನ ಬಳಿ ತುಂಗಭದ್ರೆಯನ್ನು ದಾಟುತ್ತದೆ. ಹೊಳೆ ದಾಟಲೆಂದು ಯಾವ ಕಾಗದವನ್ನೂ ಪ್ರಯಾಣಿಕರಿಂದ ಯಾರೂ ಕೇಳುವುದಿಲ್ಲ. ಆದರೆ 1948ರ ಸೆಪ್ಟೆಂಬರ್‌ವರೆಗೆ ಇದೇ ಹೊಳೆ ಎರಡು ಸರ್ಕಾರಗಳ ನಡುವಿನ ಗಡಿಯಾಗಿತ್ತು. ಈ ದಡದ ಸಿಂಧನೂರು, ಲಿಂಗಸುಗೂರು ತಾಲೂಕುಗಳು ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿದ್ದವು. ಮಸ್ಕಿ ಆಗ ಲಿಂಗಸುಗೂರು ತಾಲೂಕಿನ ಒಂದು ಊರು. ಆ ದಡದ ಸಿರುಗುಪ್ಪ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ತುಂಗಭದ್ರಾ ಅಣೆಕಟ್ಟೆಗೆ ಸಹ 1945ರ ಫೆಬ್ರುವರಿ 28ರಂದು ಒಂದೊಂದು ದಡದಲ್ಲಿ ಒಂದೊಂದು ಸರ್ಕಾರ ಅಡಿಗಲ್ಲು ಇಟ್ಟಿತು.

ಗಡಿ ಎಂದರೆ ಜನರ ಪಾಲಿಗೆ ನಾಕೆ. ನಿಜಾಮ ಸರ್ಕಾರದ ಸುಂಕದ ಇಲಾಖೆಗೆ ‘ಕರೋಡಗಿರಿ’ ಎಂದು ಹೆಸರು. ಗಡಿ ದಾಟಿಸುವ ಸರಕಿಗೆ ಸುಂಕ ತೆರಬೇಕಿತ್ತು. ನಾಣ್ಯವೂ ಬೇರೆ. ಈ ಕಡೆ ‘ಹಾಲಿ’ ರೂಪಾಯಿ, ಆ ಕಡೆ ‘ಕಲ್ದಾರ’. ಸುಮಾರು 7 ಹಾಲಿ ರೂಪಾಯಿಗೆ 6 ಕಲ್ದಾರ ಎಂಬ ಲೆಕ್ಕ. ಬೀಗರ ಮನೆಗೋ ಸಂತೆಗೋ ಹೊರಟವರು ಈ ಲೆಕ್ಕವನ್ನು ತಿಳಿದಿರಲೇಬೇಕಿತ್ತು.

1947ರ ಆಗಸ್ಟ್ 15ರ ನಂತರ ಈ ಸುಂಕದ ಗೆರೆಯೇ ಕದನದ ಗೆರೆಯಾಯಿತು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತ ಒಕ್ಕೂಟಕ್ಕೆ ಸೇರಲಿಲ್ಲ. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತು. ಅದರ ಬೆನ್ನಲ್ಲೇ ಹೈದರಾಬಾದ್ ಸರ್ಕಾರ ಭಾರತದ ನಾಣ್ಯದ ಚಲಾವಣೆಯನ್ನು ತನ್ನ ಸೀಮೆಯಲ್ಲಿ ನಿಷೇಧಿಸಿತು. 1948ರಲ್ಲಿ ಭಾರತದ ಕಡೆಯಿಂದ ಹೋಗುವ ಸರಕುಗಳಿಗೂ ತಡೆ ಬಿತ್ತು. ಸಮುದ್ರ ತೀರವಿಲ್ಲದ ರಾಜ್ಯಕ್ಕೆ ಉಪ್ಪು, ಸೀಮೆಎಣ್ಣೆ, ಔಷಧಿ ಎಲ್ಲವೂ ಹೊರಗಿನಿಂದಲೇ ಬರಬೇಕಿತ್ತು. ತಡೆ ಹಾಕಿದವರು ಎರಡೂ ಕಡೆಯ ಸರ್ಕಾರಗಳು. ಅದನ್ನು ಅನುಭವಿಸಿದವರು ಮಾತ್ರ ಗಡಿಯ ಹಳ್ಳಿಯವರು.

ಈ ಕದನದಲ್ಲಿ ಎರಡು ಬಗೆಯ ಸ್ವಯಂಸೇವಕರಿದ್ದರು. ಕಾಸಿಂ ರಜವಿಯ ರಜಾಕಾರರು ಒಂದು ಬಗೆ. ‘ರಜಾಕಾರ’ ಎಂಬ ಮಾತಿನ ಅರ್ಥವೇ ಸ್ವಯಂಸೇವಕ. ಬಲವಂತ, ಲೂಟಿ, ಕೊಲೆಗಳಿಂದಾಗಿ ಆ ಒಳ್ಳೆಯ ಪದ ನಮ್ಮ ಭಾಗದಲ್ಲಿ ಬೈಗುಳವಾಗಿಬಿಟ್ಟಿತು. ಇನ್ನೊಂದು ಬಗೆ ಗಡಿ ಶಿಬಿರಗಳ ಕಾರ್ಯಕರ್ತರು. ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ, ಪುಂಡಲೀಕಪ್ಪ ಜ್ಞಾನಮೋಠೆಯವರು ಗಜೇಂದ್ರಗಡದಲ್ಲಿ ಶಿಬಿರ ನಡೆಸಿದರು. ಕರೋಡಗಿರಿ ನಾಕೆಗಳನ್ನು ಸುಡುವುದು, ಈಚಲ ಮರಗಳನ್ನು ಕಡಿಯುವುದು, ಲೆವಿ ಧಾನ್ಯ ವಸೂಲಿಯನ್ನು ತಡೆಯುವುದು ಆ ಚಳವಳಿಯ ಕಾರ್ಯಕ್ರಮಗಳಾಗಿದ್ದವು. ಮೊದಲನೆಯವರು ಗಡಿಯನ್ನು ಕಾಯಲು ಆಯುಧ ಹಿಡಿದರು, ಎರಡನೆಯವರು ಅಳಿಸಲು ಹಿಡಿದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂದಿತು. 17ರಂದು ನಿಜಾಮ ಶರಣಾದ.

ಮೂರನೆಯ ಬಗೆಯವರು ಆ ಬಳಿಕ ಬಂದರು. ಅವರ ಕೈಯಲ್ಲಿದ್ದದ್ದು ಲೇಖನಿ ಮಾತ್ರ. ವಿಮೋಚನೆಯ ಸಂಭ್ರಮದ ನಡುವೆಯೇ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ಹಲ್ಲೆಗಳು ನಡೆದಿದ್ದವು. ಅದನ್ನು ತಿಳಿದುಬರಲು ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತಿತರರ ತಂಡವನ್ನು ಪ್ರಧಾನಿ ನೆಹರೂ ಕಳುಹಿಸಿದರು. 1948ರ ನವೆಂಬರ್, ಡಿಸೆಂಬರ್‌ನಲ್ಲಿ ಅವರು ಊರೂರು ತಿರುಗಿ ಜನರ ಹೇಳಿಕೆ ಕೇಳಿದರು. ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂದು ಬರೆದರು. ಗುಲಬರ್ಗಾ, ಬೀದರ ಜಿಲ್ಲೆಗಳು ಹೆಚ್ಚು ನೊಂದವುಗಳ ಸಾಲಿನಲ್ಲಿದ್ದವು. ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ದಶಕಗಳ ಕಾಲ ಅದು ಜನರ ಕೈಗೆ ಸಿಗಲಿಲ್ಲ.

ಘಟನೆ ಮುಗಿದ ಮೇಲೆ ಹೋಗಿ ಬರೆಯುವ ಬದಲು, ನಡೆಯುವಾಗಲೇ ನಿಂತು ನೋಡಿ ಬರೆದರೆ? ಅಂಥದೊಂದು ಪ್ರಯೋಗ ಪ್ಯಾಲೆಸ್ಟೈನಿನಲ್ಲಿ ನಡೆಯಿತು. ಜೋರ್ಡನ್ ನದಿಯ ಪಶ್ಚಿಮ ದಂಡೆ 1967ರ ಜೂನ್‌ನಿಂದ ಇಸ್ರೇಲಿ ಸೈನ್ಯದ ವಶದಲ್ಲಿದೆ. ಊರಿಂದೂರಿಗೆ ಹೋಗಲು ಅಲ್ಲಿನ ಪ್ಯಾಲೆಸ್ಟೀನಿಯರು ಸೈನ್ಯದ ನಾಕೆಗಳನ್ನು ದಾಟಬೇಕು. 2000ದಲ್ಲಿ ಎರಡನೇ ಬಂಡಾಯ ಆರಂಭವಾದ ಮೇಲೆ, ಬಾಂಬ್ ದಾಳಿ ತಡೆಯುವ ಕಾರಣ ನೀಡಿ ಇಸ್ರೇಲ್ ಇವುಗಳನ್ನು ಬಿಗಿಗೊಳಿಸಿತು. 2001ರಲ್ಲಿ ಇಸ್ರೇಲಿನ ಕೆಲವು ಮಹಿಳೆಯರೇ ‘ಮಕ್ಸೋಮ್ ವಾಚ್’ ಎಂಬ ಗುಂಪು ಕಟ್ಟಿದರು. ಮಕ್ಸೋಮ್ ಎಂದರೆ ಹೀಬ್ರೂ ಭಾಷೆಯಲ್ಲಿ ತಡೆ, ನಾಕೆ.

ಇವರ ಕೆಲಸ ಸರಳವಾದದ್ದು. ಕಲಂದಿಯಾ, ಹುವಾರಾ ಮುಂತಾದ ನಾಕೆಗಳ ಬಳಿ ಪಾಳಿಯ ಮೇಲೆ ನಿಲ್ಲುವುದು. ಸಾಲಿನಲ್ಲಿ ಎಷ್ಟು ಜನ, ಎಷ್ಟು ಹೊತ್ತು ಕಾದರು, ಯಾರನ್ನು ಹಿಂದಕ್ಕೆ ಕಳಿಸಿದರು ಎಂದು ಬರೆದುಕೊಂಡು ವರದಿಯನ್ನು ಎಲ್ಲರ ಮುಂದಿಡುವುದು. ರೋಗಿಗಳನ್ನು ತಡೆದರೆ ಸೈನ್ಯದ ಅಧಿಕಾರಿಗಳಿಗೆ ದೂರವಾಣಿ ಮಾಡಿ ಕೇಳುವುದೂ ಇತ್ತು. ಸೈನಿಕರಿಗೆ ಕಿರುಕುಳ ಕೊಡುತ್ತಾರೆ ಎಂದು ಸ್ವಂತ ದೇಶದವರಿಂದಲೇ ಬೈಸಿಕೊಂಡರು. ನಾಕೆಗಳೂ ಹೋಗಲಿಲ್ಲ. ಪಶ್ಚಿಮ ದಂಡೆಯಲ್ಲಿ ಸಂಚಾರಕ್ಕೆ 849 ಅಡೆತಡೆಗಳಿವೆ ಎಂದು ವಿಶ್ವಸಂಸ್ಥೆಯ ಕಚೇರಿ 2025ರ ಆರಂಭದಲ್ಲಿ ಎಣಿಸಿತು.

ಹೈದರಾಬಾದಿನ ಕಥೆಯೂ ಪ್ಯಾಲೆಸ್ಟೈನಿನ ಕಥೆಯೂ ಒಂದೇ ಅಲ್ಲ. ಇಲ್ಲಿಯ ಬಿಕ್ಕಟ್ಟು 13 ತಿಂಗಳಲ್ಲಿ ಮುಗಿಯಿತು, ಅಲ್ಲಿಯದು ಅರ್ಧ ಶತಮಾನ ದಾಟಿದೆ. ಆದರೆ ನಾಕೆಯ ಸ್ವಭಾವ ಎರಡೂ ಕಡೆ ಒಂದೇ. ಕಾಯಿಸುವ ಅಧಿಕಾರ ಒಬ್ಬನಿಗೆ, ಕಾಯುವ ಕರ್ಮ ಇನ್ನೊಬ್ಬನಿಗೆ. ಕಾದ ಗಂಟೆಗಳಿಗೆ ಯಾವ ಸರ್ಕಾರಿ ದಫ್ತರದಲ್ಲೂ ಲೆಕ್ಕವಿರುವುದಿಲ್ಲ. ಯಾರಾದರೂ ಬರೆದಿಟ್ಟರೆ ಮಾತ್ರ ಅದು ಚರಿತ್ರೆ.

ಬರವಣಿಗೆಯ ಬೆಲೆಯನ್ನು ಮಸ್ಕಿಯವರಿಗೆ ಹೇಳಬೇಕಾಗಿಲ್ಲ. 1915ರಲ್ಲಿ ಅಲ್ಲಿನ ಬಂಡೆಯ ಶಾಸನ ಸಿಕ್ಕ ಮೇಲೆಯೇ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದು ಖಚಿತವಾಯಿತು. ಅರಸನ ಹೆಸರು ಕಲ್ಲಿನಲ್ಲಿ ಉಳಿಯಿತು. ತುಂಗಭದ್ರೆಯ ದಡದಲ್ಲಿ ಉಪ್ಪಿಗಾಗಿ, ಔಷಧಿಗಾಗಿ ಕಾದವರ ಹೆಸರು ಉಳಿದಿರುವುದು ಹಿರಿಯರ ನೆನಪಿನಲ್ಲಿ ಮಾತ್ರ. ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಆಸುಪಾಸಿನ ವಯಸ್ಸು. ಕೇಳಿ ಬರೆದುಕೊಳ್ಳುವುದಾದರೆ ಉಳಿದಿರುವ ಕಾಲ ಕಡಿಮೆ.