ಜಿಲ್ಲಾ ಸೈನಿಕ ಮಂಡಳಿ

ಜಿಲ್ಲಾ ಸೈನಿಕ ಮಂಡಳಿಯು ಭಾರತದಲ್ಲಿ ಮಾಜಿ ಸೈನಿಕರು, ಮೃತ ಸೈನಿಕರ ಪತ್ನಿಯರು ಹಾಗೂ ಅವರ ಅವಲಂಬಿತರ ಕಲ್ಯಾಣ ಮತ್ತು ಪುನರ್ವಸತಿಗಾಗಿ ಜಿಲ್ಲಾ ಮಟ್ಟದಲ್ಲಿ ಕಾರ್ಯನಿರ್ವಹಿಸುವ ಸರ್ಕಾರಿ ಸಂಸ್ಥೆಯಾಗಿದೆ. ಸೇವೆಯಲ್ಲಿರುವ ಸೈನಿಕರ ಕುಟುಂಬಗಳ ಅಹವಾಲುಗಳನ್ನೂ ಇದು ಸ್ವೀಕರಿಸುತ್ತದೆ. ಮಾಜಿ ಸೈನಿಕರ ಕಲ್ಯಾಣವು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಜಂಟಿ ಹೊಣೆಯಾಗಿದ್ದು, ಯೋಜನೆಗಳು ಬಹುಮಟ್ಟಿಗೆ ದೆಹಲಿಯಲ್ಲಿ ಮತ್ತು ರಾಜ್ಯದ ರಾಜಧಾನಿಯಲ್ಲಿ ರೂಪುಗೊಂಡರೂ ಅರ್ಜಿ, ಪರಿಶೀಲನೆ ಮತ್ತು ಶಿಫಾರಸಿನ ಕಾರ್ಯ ನಡೆಯುವುದು ಜಿಲ್ಲಾ ಕಚೇರಿಯಲ್ಲಿ. ಕರ್ನಾಟಕದಲ್ಲಿ ಈ ಕಚೇರಿಗಳು ರಾಜ್ಯ ಸರ್ಕಾರದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಅಧೀನದಲ್ಲಿವೆ.

ಇತಿಹಾಸ

ಮೊದಲನೆಯ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯ ಸೈನಿಕರು ಸಾಗರೋತ್ತರ ರಣರಂಗಗಳಲ್ಲಿ ಸೇವೆ ಸಲ್ಲಿಸಿದರು. ಯುದ್ಧದ ನಂತರ ಊರಿಗೆ ಮರಳಿದವರ ಹಾಗೂ ಮಡಿದವರ ಕುಟುಂಬಗಳ ಹಿತಕ್ಕಾಗಿ 1919ರಲ್ಲಿ 'ಇಂಡಿಯನ್ ಸೋಲ್ಜರ್ಸ್ ಬೋರ್ಡ್' ಸ್ಥಾಪನೆಯಾಯಿತು. ಸೇನಾ ಭರ್ತಿ ಹೆಚ್ಚಾಗಿದ್ದ ಪ್ರದೇಶಗಳಲ್ಲಿ ಜಿಲ್ಲಾ ಮಂಡಳಿಗಳೂ ಕೆಲಸ ಮಾಡುತ್ತಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾವಿಕರು ಮತ್ತು ವಾಯುಸೈನಿಕರನ್ನೂ ಇದರ ವ್ಯಾಪ್ತಿಗೆ ತರಲಾಯಿತು. 1975ರಲ್ಲಿ ಕೇಂದ್ರದ ಸಂಸ್ಥೆಗೆ 'ಕೇಂದ್ರೀಯ ಸೈನಿಕ ಮಂಡಳಿ' ಎಂಬ ಈಗಿನ ಹೆಸರು ಬಂದಿತು.

2004ರಲ್ಲಿ ರಕ್ಷಣಾ ಸಚಿವಾಲಯದಲ್ಲಿ ಮಾಜಿ ಸೈನಿಕರ ಕಲ್ಯಾಣಕ್ಕೆಂದೇ ಪ್ರತ್ಯೇಕ ಇಲಾಖೆಯನ್ನು ರಚಿಸಲಾಯಿತು. ಕೇಂದ್ರೀಯ ಸೈನಿಕ ಮಂಡಳಿಯು ಈ ಇಲಾಖೆಯಡಿ ಬರುತ್ತದೆ.

ರಚನೆ

ವ್ಯವಸ್ಥೆಯು ಮೂರು ಹಂತಗಳಲ್ಲಿದೆ. ಮೇಲ್ಮಟ್ಟದ ಕೇಂದ್ರೀಯ ಸೈನಿಕ ಮಂಡಳಿಗೆ ರಕ್ಷಣಾ ಸಚಿವರು ಅಧ್ಯಕ್ಷರು. ಎರಡನೆಯ ಹಂತದಲ್ಲಿ ರಾಜ್ಯ ಸೈನಿಕ ಮಂಡಳಿಗಳೂ, ಮೂರನೆಯ ಹಂತದಲ್ಲಿ ಜಿಲ್ಲಾ ಮಂಡಳಿಗಳೂ ಇವೆ. ಜಿಲ್ಲಾ ಮಂಡಳಿಗೆ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುತ್ತಾರೆ. ದೈನಂದಿನ ಆಡಳಿತವನ್ನು ಜಿಲ್ಲಾ ಸೈನಿಕ ಕಲ್ಯಾಣ ಅಧಿಕಾರಿ ನಿರ್ವಹಿಸುತ್ತಾರೆ. ಈ ಹುದ್ದೆಗೆ ಸಾಮಾನ್ಯವಾಗಿ ನಿವೃತ್ತ ಸೇನಾಧಿಕಾರಿಗಳನ್ನೇ ನೇಮಿಸಲಾಗುತ್ತದೆ. ಕೆಳಗಿನ ಸಿಬ್ಬಂದಿಯಲ್ಲೂ ಮಾಜಿ ಸೈನಿಕರಿರುವುದರಿಂದ ಸೇನೆಯ ಕಾಗದಪತ್ರಗಳ ಪರಿಭಾಷೆ ಕಚೇರಿಗೆ ಪರಿಚಿತವಾಗಿರುತ್ತದೆ.

ಜಿಲ್ಲಾ ಕಚೇರಿಗಳ ಆಡಳಿತಾತ್ಮಕ ನಿಯಂತ್ರಣ ರಾಜ್ಯ ಸರ್ಕಾರಕ್ಕೆ ಸೇರಿದೆ. ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ಎಲ್ಲ ಜಿಲ್ಲೆಗಳಲ್ಲೂ ಪ್ರತ್ಯೇಕ ಕಚೇರಿಗಳಿಲ್ಲ. ಕೆಲವು ಕಚೇರಿಗಳ ವ್ಯಾಪ್ತಿಗೆ ಒಂದಕ್ಕಿಂತ ಹೆಚ್ಚು ಜಿಲ್ಲೆಗಳು ಸೇರುತ್ತವೆ.

ಅರ್ಹತೆ ಮತ್ತು ನೋಂದಣಿ

ಸೇನೆಯಲ್ಲಿದ್ದವರೆಲ್ಲರೂ ನಿಯಮದ ಪ್ರಕಾರ 'ಮಾಜಿ ಸೈನಿಕ' ಎನಿಸುವುದಿಲ್ಲ. ಪಿಂಚಣಿ ಪಡೆದು ನಿವೃತ್ತರಾದವರು, ಸೇವೆಯ ಕಾರಣದಿಂದ ಉಂಟಾದ ಅಂಗವೈಕಲ್ಯ ಅಥವಾ ಅನಾರೋಗ್ಯದಿಂದ ಬಿಡುಗಡೆಯಾದವರು, ಸಿಬ್ಬಂದಿ ಕಡಿತದಲ್ಲಿ ಹೊರಬಂದವರು ಮುಂತಾದವರು ಈ ವ್ಯಾಖ್ಯೆಗೆ ಒಳಪಡುತ್ತಾರೆ. ಸೇವೆಯಿಂದ ಬಿಡುಗಡೆಯಾದ ದಿನಾಂಕಕ್ಕನುಗುಣವಾಗಿ ವ್ಯಾಖ್ಯೆ ಬದಲಾಗುತ್ತದೆ. ದುರ್ನಡತೆಯ ಕಾರಣ ವಜಾಗೊಂಡವರಿಗೆ ಈ ಸ್ಥಾನವಿಲ್ಲ.

ನಿವೃತ್ತರಾದವರು ಬಿಡುಗಡೆ ಪುಸ್ತಕ ಮತ್ತು ಪಿಂಚಣಿ ಪಾವತಿ ಆದೇಶದೊಂದಿಗೆ ತಮ್ಮ ಜಿಲ್ಲೆಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಗುರುತಿನ ಚೀಟಿ ಪಡೆಯಬೇಕು. ಸೈನಿಕನ ಮರಣಾನಂತರ ಪತ್ನಿಗೂ ಪ್ರತ್ಯೇಕ ಗುರುತಿನ ಚೀಟಿ ನೀಡಲಾಗುತ್ತದೆ. ಮುಂದಿನ ಬಹುತೇಕ ಸೌಲಭ್ಯಗಳಿಗೆ ಈ ನೋಂದಣಿಯೇ ಆಧಾರ.

ಪಿಂಚಣಿ ಮತ್ತು ದಾಖಲೆ ತಿದ್ದುಪಡಿ

ಮಂಡಳಿಯು ಪಿಂಚಣಿಯನ್ನು ಮಂಜೂರು ಮಾಡುವುದಿಲ್ಲ. ಆದರೆ ಪಿಂಚಣಿಯ ತೊಡಕುಗಳನ್ನು ಬಿಡಿಸುವುದು ಅದರ ಮುಖ್ಯ ಕಾರ್ಯಗಳಲ್ಲೊಂದು. ಸೈನಿಕನ ವಿವಾಹ, ಮಕ್ಕಳ ಜನನ ಮುಂತಾದ ವಿವರಗಳು ಸೇವಾವಧಿಯಲ್ಲೇ 'ಪಾರ್ಟ್-2 ಆದೇಶ'ದ ಮೂಲಕ ದಾಖಲಾಗಬೇಕು. ಹೀಗೆ ದಾಖಲಾಗದಿದ್ದರೆ, ಅಥವಾ ಪತ್ನಿಯ ಹೆಸರು ಸೇನಾ ದಾಖಲೆಯಲ್ಲಿ ಒಂದು ಬಗೆಯಾಗಿ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆಯಾಗಿ ಇದ್ದರೆ, ಆತನ ಮರಣದ ನಂತರ ಕುಟುಂಬ ಪಿಂಚಣಿ ತಡೆಹಿಡಿಯಲ್ಪಡುತ್ತದೆ. ಜನ್ಮದಿನಾಂಕದ ವ್ಯತ್ಯಾಸವೂ ಇಂತಹುದೇ ತೊಡಕನ್ನು ಉಂಟುಮಾಡುತ್ತದೆ.

ಇಂತಹ ಸಂದರ್ಭಗಳಲ್ಲಿ ಮಂಡಳಿಯು ಪ್ರಮಾಣಪತ್ರಗಳನ್ನು ಪರಿಶೀಲಿಸಿ ಸಂಬಂಧಿಸಿದ ದಾಖಲೆ ಕಚೇರಿಗೆ ಕಳುಹಿಸುತ್ತದೆ. ಭೂಸೇನೆಯ ದಾಖಲೆ ಕಚೇರಿಗಳು ರೆಜಿಮೆಂಟುಗಳಿಗನುಸಾರವಾಗಿ ಬೇರೆಬೇರೆ ನಗರಗಳಲ್ಲಿವೆ: ಮರಾಠಾ ಲಘು ಪದಾತಿದಳದ್ದು ಬೆಳಗಾವಿಯಲ್ಲಿ, ಮದ್ರಾಸ್ ಸ್ಯಾಪರ್ಸ್ ದಳದ್ದು ಬೆಂಗಳೂರಿನಲ್ಲಿ, ವಿದ್ಯುತ್ ಮತ್ತು ಯಾಂತ್ರಿಕ ಇಂಜಿನಿಯರುಗಳ ದಳದ್ದು ಸಿಕಂದರಾಬಾದಿನಲ್ಲಿ. ಪತಿಯ ದಳದ ಹೆಸರನ್ನಷ್ಟೇ ಬಲ್ಲ ಹಳ್ಳಿಯ ಮಹಿಳೆಗೆ ಈ ಕಚೇರಿಗಳೊಡನೆ ನೇರ ಪತ್ರವ್ಯವಹಾರ ಕಷ್ಟಸಾಧ್ಯವಾದುದರಿಂದ ಜಿಲ್ಲಾ ಕಚೇರಿಯೇ ಕೊಂಡಿಯಾಗುತ್ತದೆ. ರಕ್ಷಣಾ ಪಿಂಚಣಿಯನ್ನು 'ಸ್ಪರ್ಶ್' ಎಂಬ ಅಂತರಜಾಲ ವ್ಯವಸ್ಥೆಗೆ ವರ್ಗಾಯಿಸಿದ ನಂತರ, ವಾರ್ಷಿಕ ಜೀವಿತ ಪ್ರಮಾಣಪತ್ರ ಸಲ್ಲಿಕೆಯಲ್ಲಿ ವೃದ್ಧ ಪಿಂಚಣಿದಾರರಿಗೆ ನೆರವಾಗುವ ಅಗತ್ಯವೂ ಸೇರಿಕೊಂಡಿದೆ.

ಆರ್ಥಿಕ ನೆರವು

ಸೈನಿಕ ಹುದ್ದೆಗಳಲ್ಲಿ ಸೇವಾ ಪಿಂಚಣಿಗೆ ಸಾಮಾನ್ಯವಾಗಿ 15 ವರ್ಷಗಳ ಅರ್ಹ ಸೇವೆ ಅಗತ್ಯ. ಅದಕ್ಕೆ ಮೊದಲೇ ಬಿಡುಗಡೆಯಾದ ಅನೇಕರಿಗೆ ಪಿಂಚಣಿಯಿಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಸೇನೆಯ ಗಾತ್ರವನ್ನು ತಗ್ಗಿಸಿದ್ದರಿಂದ ಹೊರಬಂದ ಸೈನಿಕರ ಸ್ಥಿತಿಯೂ ಇದೇ ಆಗಿತ್ತು. ಅವರಿಗೂ ಅವರ ಪತ್ನಿಯರಿಗೂ ಕರ್ನಾಟಕ ಸೇರಿದಂತೆ ಹಲವು ರಾಜ್ಯಗಳು ಮಾಸಿಕ ನೆರವು ನೀಡುತ್ತ ಬಂದಿವೆ.

ಕೇಂದ್ರದ ನೆರವಿಗೆ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಯೇ ಮೂಲ. 1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ಧ್ವಜ ದಿನವನ್ನು ಆಚರಿಸಲಾಗುತ್ತಿದ್ದು, ಪುಟ್ಟ ಧ್ವಜಗಳನ್ನು ವಿತರಿಸಿ ಸಾರ್ವಜನಿಕರಿಂದ ದೇಣಿಗೆ ಸಂಗ್ರಹಿಸುವ ಕೆಲಸದಲ್ಲಿ ಜಿಲ್ಲಾ ಮಂಡಳಿಗಳು ಪ್ರಮುಖ ಪಾತ್ರ ವಹಿಸುತ್ತವೆ. 2025ರ ನವೆಂಬರ್ 1ರಿಂದ ಸಲ್ಲಿಕೆಯಾಗುವ ಅರ್ಜಿಗಳಿಗೆ ನೆರವಿನ ಮೊತ್ತವನ್ನು ಇಮ್ಮಡಿಗೊಳಿಸಲಾಗಿದೆ:

- ಕಡುಬಡತನ ನೆರವು: 65 ವರ್ಷ ಮೀರಿದ, ಪಿಂಚಣಿಯಿಲ್ಲದ ಮಾಜಿ ಸೈನಿಕರು ಮತ್ತು ಅವರ ವಿಧವೆಯರಿಗೆ ತಿಂಗಳಿಗೆ 4,000 ರೂ. ಬದಲು 8,000 ರೂ.
- ಶಿಕ್ಷಣ ನೆರವು: ಒಂದನೆಯ ತರಗತಿಯಿಂದ ಪದವಿಯವರೆಗೆ ಇಬ್ಬರು ಮಕ್ಕಳಿಗೆ, ಹಾಗೂ ಸ್ನಾತಕೋತ್ತರ ವ್ಯಾಸಂಗ ಮಾಡುವ ವಿಧವೆಯರಿಗೆ, ತಲಾ ತಿಂಗಳಿಗೆ 1,000 ರೂ. ಬದಲು 2,000 ರೂ.
- ವಿವಾಹ ನೆರವು: ಇಬ್ಬರು ಹೆಣ್ಣುಮಕ್ಕಳವರೆಗೆ, ಹಾಗೂ ವಿಧವೆಯರ ಮರುವಿವಾಹಕ್ಕೆ, 50,000 ರೂ. ಬದಲು 1 ಲಕ್ಷ ರೂ.

ಈ ನೆರವುಗಳು ಹವಾಲ್ದಾರ್ ಅಥವಾ ತತ್ಸಮಾನ ಹುದ್ದೆಯವರೆಗಿನವರಿಗೆ ಉದ್ದೇಶಿತವಾಗಿವೆ. ವೃತ್ತಿಪರ ಪದವಿ ವ್ಯಾಸಂಗಕ್ಕಾಗಿ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆಯಿದ್ದು, ವಿದ್ಯಾರ್ಥಿನಿಯರಿಗೆ ತಿಂಗಳಿಗೆ 3,000 ರೂ. ಮತ್ತು ವಿದ್ಯಾರ್ಥಿಗಳಿಗೆ 2,500 ರೂ. ದೊರೆಯುತ್ತದೆ. ಮೇಲಿನ ಯೋಜನೆಗಳ ಅರ್ಜಿಗಳನ್ನು ಅಂತರಜಾಲದಲ್ಲಿ ಸಲ್ಲಿಸಿದರೂ ಮೂಲ ದಾಖಲೆಗಳ ಪರಿಶೀಲನೆ ಜಿಲ್ಲಾ ಕಚೇರಿಯಲ್ಲೇ ನಡೆಯುತ್ತದೆ.

ಉದ್ಯೋಗ ಮತ್ತು ಪುನರ್ವಸತಿ

ಸೇನೆಯನ್ನು ಯುವಪಡೆಯಾಗಿ ಉಳಿಸಿಕೊಳ್ಳುವ ಉದ್ದೇಶದಿಂದ ಹೆಚ್ಚಿನ ಸೈನಿಕರನ್ನು ನಾಗರಿಕ ಸೇವೆಯವರಿಗಿಂತ ಬಹಳ ಮೊದಲೇ ನಿವೃತ್ತಿಗೊಳಿಸಲಾಗುತ್ತದೆ. ಮಕ್ಕಳ ವಿದ್ಯಾಭ್ಯಾಸ ಇನ್ನೂ ನಡೆಯುತ್ತಿರುವ ವಯಸ್ಸಿನಲ್ಲಿ ಅವರು ಎರಡನೆಯ ವೃತ್ತಿಯನ್ನು ಅರಸಬೇಕಾಗುತ್ತದೆ. ಕೇಂದ್ರ ಸರ್ಕಾರದ ನೇರ ನೇಮಕಾತಿಯಲ್ಲಿ ಅವರಿಗೆ 'ಸಿ' ಗುಂಪಿನ ಹುದ್ದೆಗಳಲ್ಲಿ ಶೇ. 10, 'ಡಿ' ಗುಂಪಿನಲ್ಲಿ ಶೇ. 20 ಮೀಸಲಾತಿಯಿದೆ. ಕರ್ನಾಟಕದ ರಾಜ್ಯ ನಾಗರಿಕ ಸೇವೆಗಳಲ್ಲೂ ಸಮತಲ ಮೀಸಲಾತಿ ಕಲ್ಪಿಸಲಾಗಿದೆ. ಉದ್ಯೋಗಾಕಾಂಕ್ಷಿಗಳ ನೋಂದಣಿ ಮತ್ತು ಅವಲಂಬಿತರ ಪ್ರಮಾಣಪತ್ರ ವಿತರಣೆ ಮಂಡಳಿಯ ಕಾರ್ಯಗಳಾಗಿವೆ.

ಕರ್ನಾಟಕ ಭೂ ಮಂಜೂರಾತಿ ನಿಯಮಗಳು, 1969ರಲ್ಲಿ ಸೈನಿಕರು ಮತ್ತು ಮಾಜಿ ಸೈನಿಕರಿಗೆ ಪಾಲನ್ನು ಮೀಸಲಿಡಲಾಗಿದೆ. ಆದರೆ ಜಮೀನು ನೀಡುವ ಅಧಿಕಾರ ಕಂದಾಯ ಇಲಾಖೆಯದು; ಮಂಡಳಿಯು ಅರ್ಹತೆಯನ್ನು ದೃಢೀಕರಿಸಬಹುದೇ ಹೊರತು ಮಂಜೂರು ಮಾಡಲಾರದು. ವೈದ್ಯಕೀಯ ಸೌಲಭ್ಯವನ್ನು 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆಯು ತನ್ನದೇ ಚಿಕಿತ್ಸಾಲಯಗಳ ಮೂಲಕ ಒದಗಿಸುತ್ತದೆ.

ಮಿತಿಗಳು ಮತ್ತು ಸವಾಲುಗಳು

ಬಹುತೇಕ ನೆರವುಗಳು ಅರ್ಜಿ ಸಲ್ಲಿಸಿದವರಿಗಷ್ಟೇ ದೊರೆಯುತ್ತವೆ. ಕೆಲವಕ್ಕೆ ಕಾಲಮಿತಿಯೂ ಉಂಟು. ಆದ್ದರಿಂದ ನೋಂದಣಿಯಾಗದವರು, ಜಿಲ್ಲಾ ಕೇಂದ್ರದಿಂದ ದೂರವಿರುವ ವಿಧವೆಯರು ಮತ್ತು ದಾಖಲೆ ಕಳೆದುಕೊಂಡವರು ಸೌಲಭ್ಯಗಳಿಂದ ಹೊರಗುಳಿಯುವ ಸಾಧ್ಯತೆ ಹೆಚ್ಚು. ಅರ್ಹ ಅಭ್ಯರ್ಥಿಗಳು ದೊರೆಯದೆ ಮೀಸಲು ಹುದ್ದೆಗಳು ಖಾಲಿ ಉಳಿಯುವುದೂ ಇದೆ.

2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯು ಹೊಸ ಪ್ರಶ್ನೆಯೊಂದನ್ನು ಮುಂದಿಟ್ಟಿದೆ. ಅದರಡಿ ನಾಲ್ಕು ವರ್ಷ ಸೇವೆ ಸಲ್ಲಿಸುವ ಅಗ್ನಿವೀರರಲ್ಲಿ ಶೇ. 25ರವರೆಗೆ ಮಾತ್ರ ಕಾಯಂ ಸೇವೆಗೆ ಅವಕಾಶವಿದೆ. ಯೋಜನೆಯ ಮೂಲ ಷರತ್ತುಗಳ ಪ್ರಕಾರ ಉಳಿದವರಿಗೆ ಪಿಂಚಣಿಯಾಗಲಿ, ಮಾಜಿ ಸೈನಿಕರ ಸ್ಥಾನವಾಗಲಿ ಇಲ್ಲ. ಹೀಗಾಗಿ ಜಿಲ್ಲಾ ಮಂಡಳಿಯ ಸಾಂಪ್ರದಾಯಿಕ ವ್ಯಾಪ್ತಿಯ ಹೊರಗೇ ಅವರು ನಾಗರಿಕ ಜೀವನಕ್ಕೆ ಮರಳುತ್ತಾರೆ.