ಗಡಿ ದಾಟಿದ ಡಾಕ್ಟರು

ಯುದ್ಧದ ಸಿನಿಮಾ ಎಂದರೆ ತೋಪು, ಬಂದೂಕು ನೆನಪಾಗುತ್ತವೆ. ಆದರೆ ನಮ್ಮ ಕೊಲ್ಲಾಪುರದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿಯೂ ಕೆಲಕಾಲ ದುಡಿದ ವ್ಹಿ. ಶಾಂತಾರಾಮರು 1946ರಲ್ಲಿ ತೆಗೆದ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ಯ ನಾಯಕ ಒಬ್ಬ ವೈದ್ಯ. ಆ ಪಾತ್ರ ಶಾಂತಾರಾಮರದೇ.

ಇದು ನಡೆದ ಕಥೆ. ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ಸು ಐವರು ವೈದ್ಯರನ್ನು ಕಳಿಸಿತು. ಅವರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸರೊಬ್ಬರು. ಅಲ್ಲಿಯ ಭಾಷೆ ಕಲಿತು ಗಾಯಾಳುಗಳ ಸೇವೆ ಮಾಡಿದರು. ಗುವೊ ಚಿಂಗ್‌ಲಾನ್ ಎಂಬ ಚೀನೀ ಹೆಣ್ಣುಮಗಳನ್ನು ಲಗ್ನವಾದರು. ಮಗನಿಗೆ ಯಿನ್‌ಹುವಾ ಎಂದು ಹೆಸರು. ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನಾ. ಕೂಸಿಗೆ ನಾಲ್ಕು ತಿಂಗಳು ತುಂಬುವ ಮೊದಲೇ, 1942ರ ಡಿಸೆಂಬರ್ 9ರಂದು, ಕೋಟ್ನಿಸರು 32ರ ವಯಸ್ಸಿನಲ್ಲಿ ತೀರಿಕೊಂಡರು.

1962ರಲ್ಲಿ ಆ ಎರಡು ದೇಶಗಳೇ ಕಾದಾಡಿದಾಗ ಯಿನ್‌ಹುವಾನಿಗೆ ಇಪ್ಪತ್ತು ವರ್ಷ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ನಮಗೆ ಆ ಹೆಸರಿನ ಭಾರವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.